ಹಾವು ಕಚ್ಚಿದ್ರೆ ಆಸ್ಪತ್ರೆ ಮುಟ್ಟೋ ತನಕ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು

ಅರ್ಜೆಂಟಲ್ಲಿ ಓದ್ತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಕಚ್ಚಿಸ್ಕೊಂಡೋರನ್ನ ನಡೆಯೋಕೆ ಬಿಡ್ಬೇಡಿ, ಮಲಗ್ಸಿ. ಕಚ್ಚಿರೋ ಕೈನೋ ಕಾಲನ್ನೋ ಅಲ್ಲಾಡದ ಹಾಗೆ ಇಡಿ, ಉಂಗುರ, ಬಳೆ, ವಾಚು, ಕಾಲುಂಗುರ, ಗೆಜ್ಜೆ ಎಲ್ಲ ಬಿಚ್ಚಿ, 108ಕ್ಕೆ ಫೋನ್ ಮಾಡಿ, ಇಲ್ಲಾ ಕೈಗೆ ಸಿಕ್ಕಿದ ಗಾಡೀಲಿ ಹತ್ರದ ಆಸ್ಪತ್ರೆಗೆ ಹೊರಡಿ. ಕಟ್ಬೇಡಿ, ಕೊಯ್ಬೇಡಿ, ಚೀಪ್ಬೇಡಿ, ಮಂತ್ರ ಹಾಕ್ಸೋಕೆ ಅಂತ ದಾರೀಲಿ ಎಲ್ಲೂ ನಿಲ್ಬೇಡಿ. ಈಗ ಮನೇಲಿ ಯಾರಿಗಾದ್ರೂ ಕಚ್ಚಿದ್ರೆ ಇಷ್ಟು ಸಾಕು, ಫೋನ್ ಕೆಳಗಿಟ್ಟು ಹೊರಡಿ. ಪುರುಸೊತ್ತಲ್ಲಿ ಇರೋರು ಮುಂದಕ್ಕೆ ಓದಿ.

ನಮ್ಮ ದೇಶದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತೋರು ಸುಮಾರು 12 ಲಕ್ಷ ಜನ, ವರ್ಷಕ್ಕೆ ಸರಾಸರಿ 58 ಸಾವಿರ ಅಂತ 2020ರಲ್ಲಿ ಬಂದ ಅಧ್ಯಯನದ ಅಂದಾಜು. ಇವರಲ್ಲಿ ಹೆಚ್ಚಿನೋರು ಹಳ್ಳಿ ಜನ, ಹೊಲದಲ್ಲಿ ದುಡಿಯೋರು, ನೆಲದ ಮೇಲೆ ಮಲಗೋರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನ ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸ್ತು. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಪ್ರತಿ ಹಾವು ಕಡಿತದ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು ಅಂತ ಆಗಿದೆ, ಖಾಸಗಿ ಆಸ್ಪತ್ರೆನೂ ಸೇರಿ. ವರದಿ ಆದ್ರೆ ತಾನೇ ಯಾವ ತಾಲ್ಲೂಕಿಗೆ ಎಷ್ಟು ಔಷಧಿ ಬೇಕು ಅಂತ ಲೆಕ್ಕ ಸಿಗೋದು.

ವಿಷಕ್ಕೆ ಮದ್ದು ಅಂತ ಇರೋದು ಒಂದೇ, ಎಎಸ್‌ವಿ, ಅಂದ್ರೆ ಆಂಟಿ ಸ್ನೇಕ್ ವೆನಮ್ ಇಂಜೆಕ್ಷನ್ನು. ಅದನ್ನ ಮನೇಲಿ ಕೊಡೋಕಾಗಲ್ಲ, ಆಸ್ಪತ್ರೇಲೇ ಡ್ರಿಪ್ ಮೂಲಕ ಕೊಡ್ಬೇಕು. ಹಾಗಾಗಿ ಪ್ರಥಮ ಚಿಕಿತ್ಸೆ ಅಂದ್ರೆ ವಿಷ ಇಳಿಸೋದಲ್ಲ, ವಿಷ ಮೈಯೊಳಗೆ ಹರಡೋ ವೇಗ ಆದಷ್ಟು ಕಮ್ಮಿ ಇಟ್ಕೊಂಡು, ಇನ್ನೊಂದು ಹೊಸ ತೊಂದ್ರೆ ಸೇರಿಸದೆ, ಆ ಇಂಜೆಕ್ಷನ್ ಇರೋ ಜಾಗಕ್ಕೆ ಜನಾನ ಮುಟ್ಸೋದು. ನಮ್ಮ ಕಡೆ ಜೀವ ಹೋಗ್ತಿರೋದು ಬಹಳಷ್ಟು ಸಲ ಕಚ್ಚಿದ್ದಕ್ಕೂ ಆಸ್ಪತ್ರೆಗೂ ನಡುವಿನ ಆ ಎರಡು ಮೂರು ಗಂಟೇಲಿ, ಅದೂ ಯಾರೋ ಹಿತೈಷಿಗಳು ಏನೇನೋ ಮಾಡೋಕೆ ಹೋಗಿ.

ಕಚ್ಚಿದ ತಕ್ಷಣ

ಮೊದ್ಲು ಹಾವಿಂದ ದೂರ ಬನ್ನಿ. ಹಾವನ್ನ ಹುಡುಕೋದು, ದೊಣ್ಣೆ ತಗೊಂಡು ಅಟ್ಟಿಸ್ಕೊಂಡು ಹೋಗೋದು ಬೇಡ, ಹಾಗೆ ಹೋದೋನಿಗೇ ಕಚ್ಚಿ ಒಬ್ಬರ ಬದಲು ಇಬ್ಬರನ್ನ ಗಾಡಿಗೆ ಹತ್ತಿಸಿದ್ದುಂಟು. ಸಾಯಿಸಿ ಚೀಲದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ತರೋರೂ ಇದಾರೆ, ಅದು ಬೇಕಾಗೇ ಇಲ್ಲ. ಕತ್ತರಿಸಿದ ಹಾವಿನ ತಲೆ ಸತ್ತ ಮೇಲೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ಇದು ತಮಾಷೆ ಅಲ್ಲ. ದೂರದಿಂದ ಮೊಬೈಲಲ್ಲಿ ಒಂದು ಫೋಟೋ ಸಿಕ್ಕಿದ್ರೆ ತೆಗೀರಿ, ಸಿಗದಿದ್ರೆ ಬಿಡಿ. ನಮ್ಮಲ್ಲಿ ಸಿಗೋ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ ಔಷಧಿ, ಆದ್ದರಿಂದ ಯಾವ ಹಾವು ಅಂತ ಗೊತ್ತಾಗದಿದ್ರೂ ಡಾಕ್ಟ್ರು ರೋಗಿಯ ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡ್ತಾರೆ.

ಆಮೇಲೆ ಕಚ್ಚಿಸ್ಕೊಂಡೋರಿಗೆ ಧೈರ್ಯ ಹೇಳಿ, ನಿಜವಾದ ಮಾತಲ್ಲೇ ಹೇಳಿ. ಕಚ್ಚೋ ಹಾವಲ್ಲಿ ಬಹಳಷ್ಟು ವಿಷ ಇಲ್ಲದವು, ಕೇರೆ, ತೋಳದ ಹಾವು, ನೀರು ಹಾವು ಇಂಥವು. ವಿಷದ ಹಾವು ಕಚ್ಚಿದ್ರೂ ಎಷ್ಟೋ ಸಲ ವಿಷ ಬಿಟ್ಟಿರೋದೇ ಇಲ್ಲ. ವಿಷ ಬಿಟ್ಟಿದ್ರೂ ಟೈಮಿಗೆ ಇಂಜೆಕ್ಷನ್ ಸಿಕ್ರೆ ಬದುಕೋರೇ ಜಾಸ್ತಿ. ಸುತ್ತ ನಿಂತ್ಕೊಂಡು ಅಳೋರನ್ನ, ಹೋದ ವರ್ಷ ಇಂಥೋರು ಹಿಂಗೇ ಸತ್ರು ಅಂತ ಶುರು ಮಾಡೋರನ್ನ ದಯವಿಟ್ಟು ಆಚೆ ಕಳ್ಸಿ. ಗಾಬರಿ ಆದಷ್ಟೂ ಎದೆ ಬಡಿತ ಜೋರಾಗತ್ತೆ, ಕೈಕಾಲು ಆಡಿಸ್ತಾರೆ, ವಿಷ ಬೇಗ ಹರಡತ್ತೆ.

ಅಲ್ಲಾಡದ ಹಾಗೆ ಇಡೋದು ಹೆಂಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮಾಡ್ಬೇಕಾಗಿರೋ ಕೆಲಸ ಅಂತ ಇರೋದು ಇದೊಂದೇ. ವಿಷ ಹೆಚ್ಚಾಗಿ ಮಾಂಸಖಂಡ ಆಡಿದಾಗ ದುಗ್ಧರಸದ ನಾಳದಲ್ಲಿ ಮೇಲಕ್ಕೆ ಹೋಗತ್ತೆ, ಖಂಡ ಆಡದಿದ್ರೆ ನಿಧಾನ ಆಗತ್ತೆ. ಕಾಲು ಮುರಿದೋರಿಗೆ ದಬ್ಬೆ ಕಟ್ತೀವಲ್ಲ, ಅದೇ ಕೆಲಸ ಇಲ್ಲೂ. ಅಡಿಕೆ ದಬ್ಬೆ, ಬಿದಿರು ಸೀಳು, ಸ್ಕೇಲು, ಮಡಚಿದ ದಪ್ಪ ರಟ್ಟು, ಏನಿದ್ಯೋ ಅದನ್ನ ಕಾಲಿನ ಪಕ್ಕ ಇಟ್ಟು ಪಂಚೇನೋ ಟವೆಲ್ಲೋ ಹರಿದು ಪಾದದಿಂದ ಮಂಡಿ ಮೇಲಿನ ತನಕ ಮೂರು ನಾಲ್ಕು ಕಡೆ ಹಿಡಿದು ನಿಲ್ಲೋ ಅಷ್ಟು ಮಾತ್ರ ಕಟ್ಟಿ. ಕಟ್ಟಿದ ಬಟ್ಟೆ ಕೆಳಗೆ ಒಂದು ಬೆರಳು ಸಲೀಸಾಗಿ ತೂರ್ಬೇಕು. ಉಗುರು ಒತ್ತಿ ಬಿಟ್ರೆ ಮತ್ತೆ ಕೆಂಪಗಾಗ್ಬೇಕು, ಬೆರಳು ಜುಮ್ಮೆನ್ನಬಾರ್ದು. ಕೈಗೆ ಕಚ್ಚಿದ್ರೆ ಮೊಣಕೈ ಮಡಚಿ ಕುತ್ತಿಗೆಗೆ ಜೋಳಿಗೆ ಹಾಕಿದ್ರೆ ಸಾಕು. ದಬ್ಬೆ ಹುಡುಕೋಕೆ ಹತ್ತು ನಿಮಿಷ ಹಿಡಿಯೋ ಹಾಗಿದ್ರೆ ಅದೂ ಬೇಡ, ಎರಡು ಕಾಲು ಸೇರಿಸಿ ಸಡಿಲವಾಗಿ ಕಟ್ಟಿ ಎತ್ಕೊಂಡು ಹೊರಡಿ.

ಉಂಗುರ ಬಳೆ ಬಿಚ್ಚಿ ಅಂದಿದ್ದು ಯಾಕಂದ್ರೆ ಮಂಡಲದ ಹಾವು ಕಚ್ಚಿದ್ರೆ ಊತ ಬೇಗ ಏರತ್ತೆ, ಅರ್ಧ ಗಂಟೇಲಿ ಉಂಗುರ ಬೆರಳೊಳಗೆ ಹೂತೋಗಿ ರಕ್ತ ಓಡಾಟ ನಿಲ್ಲತ್ತೆ. ಹೆಂಗಸರ ಕಾಲುಂಗುರ ಬಿಚ್ಚೋಕೆ ಮನೆಯವ್ರು ಹಿಂದೆಮುಂದೆ ನೋಡ್ತಾರೆ. ಬೆರಳು ಉಳೀಬೇಕು ಅಂದ್ರೆ ಬಿಚ್ಚಲೇಬೇಕು, ಆಮೇಲೆ ಹಾಕೊಂಡ್ರಾಯ್ತು.

ಕಚ್ಚಿದ ಟೈಮ್ ನೋಡ್ಕೊಳ್ಳಿ. ಪೆನ್ ಇದ್ರೆ ಊತ ಎಲ್ಲಿ ತನಕ ಬಂದಿದೆ ಅಂತ ಚರ್ಮದ ಮೇಲೇ ಒಂದು ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೀರಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಗೆರೆ. ಊತ ಎಷ್ಟು ಜೋರಾಗಿ ಏರ್ತಿದೆ ಅಂತ ಡಾಕ್ಟ್ರಿಗೆ ಒಂದು ನೋಟದಲ್ಲೇ ಗೊತ್ತಾಗತ್ತೆ.

ಮಾಡ್ಬಾರದ್ದು, ಮತ್ತೆ ಯಾಕೆ ಮಾಡ್ಬಾರ್ದು

ಬಿಗಿಯಾಗಿ ಕಟ್ಟೋದು ಎಲ್ಲಕ್ಕಿಂತ ಕೆಟ್ಟದ್ದು, ಮತ್ತೆ ಎಲ್ಲರೂ ಮೊದ್ಲು ಮಾಡೋದೂ ಅದೇ. ಹಗ್ಗ, ಸೈಕಲ್ ಟ್ಯೂಬು, ತಲೆಗೆ ಸುತ್ತಿದ ಟವೆಲ್ಲು, ಸಿಕ್ಕಿದ್ದರಲ್ಲಿ ರಕ್ತ ನಿಲ್ಲೋ ಹಾಗೆ ಬಿಗೀತಾರೆ. ವಿಷ ಅಲ್ಲೇ ನಿಲ್ಲತ್ತೆ ಅನ್ನೋ ನಂಬಿಕೆ. ರಕ್ತ ಹೋಗದ ಕಾಲು ಕೊಳೆಯೋಕೆ ಶುರುವಾಗತ್ತೆ, ಕೊಳಕುಮಂಡಲದ ವಿಷ ಮೊದಲೇ ಮಾಂಸ ಕೊಳೆಸೋ ಜಾತಿ, ಅದನ್ನ ಒಂದೇ ಕಡೆ ಕೂಡಿಹಾಕಿದ್ರೆ ಜೀವ ಉಳಿದ್ರೂ ಕಾಲು ತೆಗೀಬೇಕಾಗತ್ತೆ. ಈಗಾಗ್ಲೇ ಯಾರೋ ಕಟ್ಟಿಬಿಟ್ಟಿದ್ರೆ ದಾರೀಲಿ ಸಟ್ಟಂತ ಬಿಚ್ಬೇಡಿ, ಅಷ್ಟೊತ್ತು ತಡೆದಿಟ್ಟ ವಿಷ ಒಂದೇ ಸಲ ಮೈಗೆ ನುಗ್ಗಿ ಅಲ್ಲೇ ಉಸಿರು ಬಿಪಿ ಎರಡೂ ಬೀಳಬಹುದು. ಹಾಗೇ ಕರ್ಕೊಂಡು ಹೋಗಿ, ಬಾಗಿಲಲ್ಲೇ ಕಟ್ಟಿದೀವಿ ಅಂತ ಹೇಳಿ, ಅವ್ರು ಎಲ್ಲ ತಯಾರಿ ಮಾಡ್ಕೊಂಡು ಬಿಚ್ತಾರೆ.

ಬ್ಲೇಡಲ್ಲಿ ಕೊಯ್ದು ರಕ್ತ ಬಿಡೋದು ಬೇಡವೇ ಬೇಡ. ಮಂಡಲದ ವಿಷ ರಕ್ತ ಹೆಪ್ಪುಗಟ್ಟೋ ಶಕ್ತಿನೇ ತೆಗೆದುಬಿಡತ್ತೆ, ಅಂಥ ಮೈಯಲ್ಲಿ ಕೊಯ್ದ ಗಾಯದಿಂದ ರಕ್ತ ನಿಲ್ಲೋದೇ ಇಲ್ಲ. ಬಾಯಲ್ಲಿ ಚೀಪಿದ್ರೆ ವಿಷ ಬರಲ್ಲ, ಅದು ಆಗ್ಲೇ ಒಳಗೆ ಇಳಿದಿರತ್ತೆ. ಐಸ್ ಇಡೋದು, ಸುಡೋದು, ಕರೆಂಟ್ ಶಾಕ್ ಕೊಡೋದು, ಸೊಪ್ಪಿನ ರಸ ಹಚ್ಚೋದು, ವಿಷದ ಕಲ್ಲು ಅಂಟಿಸೋದು, ಕೋಳಿ ಇಡೋದು ಯಾವುದರಿಂದಲೂ ಒಂದು ಹನಿ ವಿಷ ಆಚೆ ಬರಲ್ಲ. ಗಾಯ ಉಜ್ಜಿ ತೊಳೆಯೋದೂ ಬೇಡ, ಒತ್ತಿದಷ್ಟೂ ಒಳಗೆ ಹೋಗತ್ತೆ, ಒಣಗಿದ ಶುದ್ಧ ಬಟ್ಟೆ ಮುಚ್ಚಿದ್ರೆ ಸಾಕು. ತಿನ್ನೋಕೆ ಏನೂ ಕೊಡ್ಬೇಡಿ, ಕಾಫಿ ಟೀ ಸಾರಾಯಿ ಅಂತೂ ಮುಟ್ಟಿಸ್ಲೇಬೇಡಿ. ನಾಗರಹಾವು ಕಟ್ಟುಹಾವಿನ ವಿಷಕ್ಕೆ ಗಂಟಲಿನ ಖಂಡ ಸೋಲತ್ತೆ, ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗತ್ತೆ. ನೋವಿಗೆ ಅಂತ ಆಸ್ಪಿರಿನ್, ಬ್ರೂಫೆನ್ ತರದ ಮಾತ್ರೆ ಕೊಟ್ರೆ ರಕ್ತಸ್ರಾವ ಜಾಸ್ತಿ ಆಗತ್ತೆ.

ಬೇವಿನ ಸೊಪ್ಪು, ಹಸಿಮೆಣಸಿನಕಾಯಿ ತಿನ್ಸಿ ಕಹಿ ಗೊತ್ತಾಗತ್ತಾ ಖಾರ ಗೊತ್ತಾಗತ್ತಾ ಅಂತ ಕೇಳೋ ಪರೀಕ್ಷೆ ನಮ್ಮ ಕಡೆ ಇನ್ನೂ ಇದೆ. ಖಾರ ಗೊತ್ತಾಯ್ತು, ವಿಷ ಏರಿಲ್ಲ, ಬೆಳಗ್ಗೆ ನೋಡೋಣ ಅಂತ ಮಲಗಿಸ್ತಾರೆ. ಕಟ್ಟುಹಾವು ಕಚ್ಚಿದೋನಿಗೆ ಆ ಹೊತ್ತಲ್ಲಿ ಖಾರ ಚೆನ್ನಾಗೇ ಗೊತ್ತಾಗಬಹುದು, ಬೆಳಗ್ಗೆ ಹೊತ್ತಿಗೆ ಉಸಿರೇ ಇರಲ್ಲ.

ನಾಟಿ ಔಷಧಿ ಕೊಡೋರ ಬಗ್ಗೆನೂ ಹೇಳ್ಬೇಕು. ಅವ್ರಲ್ಲಿ ಮೋಸ ಮಾಡೋರೇ ಇರೋದು ಅಂತ ನಾನು ಹೇಳಲ್ಲ, ಎಷ್ಟೋ ಜನ ದುಡ್ಡೂ ತಗೊಳ್ಳಲ್ಲ, ನಂಬಿಕೆಯಿಂದ ಕೊಡ್ತಾರೆ. ಆದ್ರೆ ವಿಷ ಇಲ್ಲದ ಹಾವು ಕಚ್ಚಿದೋರು, ವಿಷ ಬಿಡದೆ ಕಚ್ಚಿಸ್ಕೊಂಡೋರು ಏನ್ ಕೊಟ್ರೂ ಬದುಕ್ತಾರೆ, ಕೊಡದಿದ್ರೂ ಬದುಕ್ತಾರೆ. ಆ ಹೆಸರೆಲ್ಲ ಔಷಧಿಗೆ ಬರತ್ತೆ, ಸತ್ತೋರದ್ದು ಹಣೆಬರಹಕ್ಕೆ ಹೋಗತ್ತೆ. ನಿಮ್ಮ ಊರಲ್ಲಿ ಅಂಥ ಅಜ್ಜ ಇದ್ರೆ ಹೋಗಿ ಮಾತಾಡಿ, ಬಂದೋರನ್ನ ಮೊದ್ಲು ಆಸ್ಪತ್ರೆಗೆ ಕಳ್ಸಿ ಅಂತ ಕೈಮುಗಿದು ಕೇಳಿ. ಅವ್ರ ಬಾಯಿಂದ ಬಂದ ಆ ಒಂದು ಮಾತಿಗೆ ಊರಲ್ಲಿ ನಮ್ಮೆಲ್ಲರ ಮಾತಿಗಿಂತ ಬೆಲೆ ಜಾಸ್ತಿ.

ಕಚ್ಚಿದ್ದೇ ಗೊತ್ತಾಗದ ಹಾವು

ಕಟ್ಟುಹಾವಿನ ಬಗ್ಗೆ ಬೇರೆಯಾಗೇ ಬರೀಬೇಕು. ಹೊಳೆಯೋ ಕಪ್ಪು ಮೈ, ಮೇಲೆ ತೆಳ್ಳಗೆ ಬಿಳಿ ಪಟ್ಟಿ, ಹೆಚ್ಚಾಗಿ ಜೋಡಿ ಜೋಡಿಯಾಗಿ, ಕೆಲವು ಕಡೆ ಕಡಂಬಳ ಅಂತಾರೆ. ಹಗಲು ಸೌಮ್ಯವಾಗಿರತ್ತೆ, ರಾತ್ರಿ ಓಡಾಡತ್ತೆ, ಇಲಿ ಹಲ್ಲಿ ಬೇರೆ ಹಾವು ಹುಡುಕ್ಕೊಂಡು ಮನೆಯೊಳಗೂ ಬರತ್ತೆ, ನೆಲದ ಮೇಲೆ ಮಲಗಿದೋರ ಹಾಸಿಗೆಗೆ ಸೇರತ್ತೆ, ಮಗ್ಗುಲು ಬದಲಾಯಿಸುವಾಗ ಕಚ್ಚತ್ತೆ. ಹಲ್ಲು ಚಿಕ್ಕದು. ಗುರುತು ಸೊಳ್ಳೆ ಕಚ್ಚಿದಷ್ಟೂ ಕಾಣಲ್ಲ, ಊತ ಇಲ್ಲ, ನೋವು ಇಲ್ಲ, ಎಷ್ಟೋ ಜನಕ್ಕೆ ಎಚ್ಚರವೂ ಆಗಲ್ಲ.

ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಹೊಟ್ಟೆ ಹಿಡ್ಕೊಂಡು ಏಳ್ತಾರೆ. ಮನೆಯವ್ರು ಗ್ಯಾಸ್ಟ್ರಿಕ್ ಇರ್ಬೇಕು ಅಂತ ಜೀರಿಗೆ ಕಷಾಯ ಕೊಡ್ತಾರೆ. ವಾಂತಿ ಆಗತ್ತೆ. ಬೆಳಕು ಹರಿಯೋ ಹೊತ್ತಿಗೆ ಕಣ್ರೆಪ್ಪೆ ಎತ್ತೋಕಾಗಲ್ಲ, ನಿದ್ದೆ ಆಗಿಲ್ಲ ಪಾಪ ಅಂತ ಮತ್ತೆ ಮಲಗಿಸ್ತಾರೆ. ಎಂಜಲು ನುಂಗೋಕಾಗದೆ ಬಾಯಿ ಪಕ್ಕ ಇಳಿಯತ್ತೆ, ಮಾತು ತೊದಲತ್ತೆ, ಕತ್ತು ನಿಲ್ಲಲ್ಲ. ಅಷ್ಟೊತ್ತಿಗೆ ಯಾರಿಗಾದ್ರೂ ಅನುಮಾನ ಬಂದು ಹಾಸಿಗೆ ಕೊಡವಿದ್ರೆ ಅಡೀಲಿ ಹಾವು ಇರತ್ತೆ, ಕೆಲವು ಸಲ ಅದೂ ಇರಲ್ಲ. ಹಾಗಾಗಿ ನೆಲದ ಮೇಲೆ ಮಲಗಿದ್ದೋರಿಗೆ, ಕಣದಲ್ಲಿ ಕಾವಲು ಮಲಗಿದ್ದೋರಿಗೆ ರಾತ್ರಿ ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ರೆ ಕಚ್ಚಿದ ಗುರುತು ಸಿಗ್ಲಿ ಬಿಡ್ಲಿ ಹಾವು ಅಂತಲೇ ತಿಳ್ಕೊಂಡು ಓಡಿ. ಪರೀಕ್ಷೆ ಸುಲಭ, ತಲೆ ಆಡಿಸದೆ ಮೇಲೆ ಸೂರು ನೋಡು ಅನ್ನಿ. ರೆಪ್ಪೆ ಮೇಲೆ ಹೋಗ್ಲಿಲ್ಲ ಅಂದ್ರೆ ಒಂದು ನಿಮಿಷ ಕಾಯಬೇಡಿ. ರೆಪ್ಪೆ ಸರಿಯಾಗಿದೆ ಅಂತ ಆಸ್ಪತ್ರೆ ಬೇಡ ಅನ್ಕೊಳ್ಳೋದೂ ಬೇಡ, ಲಕ್ಷಣ ಕೆಲವರಿಗೆ ಆರೆಂಟು ಗಂಟೆ ತಡವಾಗಿ ಬರತ್ತೆ.

ಇನ್ನೊಂದು ಮಾತು, ಇದನ್ನ ಮನೆಯವ್ರು ಗಟ್ಟಿಯಾಗಿ ಹಿಡ್ಕೋಬೇಕು. ಈ ವಿಷ ಪೂರ್ತಿ ಏರಿದೋರು ಕಣ್ಣು ಬಿಡಲ್ಲ, ಕೈ ಅಲ್ಲಾಡಿಸಲ್ಲ, ಟಾರ್ಚ್ ಬಿಟ್ರೂ ಕಣ್ಣಿನ ಪಾಪೆ ಕಿರಿದಾಗಲ್ಲ, ನೋಡಿದೋರಿಗೆ ಹೋಗೇಬಿಟ್ರು ಅನ್ಸತ್ತೆ. ಒಳಗೆ ಅವರಿಗೆ ಎಲ್ಲ ಕೇಳಿಸ್ತಾ ಇರಬಹುದು. ಖಂಡ ಮಾತ್ರ ಸೋತಿರತ್ತೆ, ಮೆದುಳು ಸರಿ ಇರತ್ತೆ. ವೆಂಟಿಲೇಟರ್ ಮೇಲೆ ಕೆಲವು ದಿನ ಉಸಿರು ಕೊಟ್ಟು ಕಾದ್ರೆ ಎದ್ದು ಕೂತು ಮನೆಗೆ ನಡ್ಕೊಂಡು ಹೋಗ್ತಾರೆ. ಅದಕ್ಕೇ ದಾರೀಲಿ ಉಸಿರು ನಿಂತ್ರೆ ಮುಗೀತು ಅಂತ ಗಾಡಿ ವಾಪಸ್ ತಿರುಗಿಸ್ಬೇಡಿ. ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಎದೆ ಏಳೋ ಹಾಗೆ ಐದಾರು ಸೆಕೆಂಡಿಗೊಂದು ಸಲ ಉಸಿರು ಊದ್ತಾ ಇರಿ, ನಾಡಿನೂ ಸಿಗ್ತಿಲ್ಲ ಅಂದ್ರೆ ಸಿಪಿಆರ್, ಅಂದ್ರೆ ಎದೆ ನಡುವೆ ಒತ್ತಿ ಒತ್ತಿ ಬಿಡೋದು, ಶುರು ಮಾಡಿ, ಆಸ್ಪತ್ರೆ ಬರೋ ತನಕ ನಿಲ್ಲಿಸ್ಬೇಡಿ.

ಉಳಿದ ಮೂರು ಬೇಗ ಹೇಳ್ತೀನಿ. ನಾಗರಹಾವು ಕಚ್ಚಿದ ಕಡೆ ನೋವು ಊತ ಇರತ್ತೆ, ಜೊತೆಗೆ ರೆಪ್ಪೆ ಬೀಳೋದು ಉಸಿರು ಕಟ್ಟೋದು ಎಲ್ಲ ಬೇಗ ಬರತ್ತೆ, ಕೆಲವರಿಗೆ ಅರ್ಧ ಗಂಟೇಲೇ. ಕೊಳಕುಮಂಡಲ ಕಂದು ಮೈಮೇಲೆ ಮೂರು ಸಾಲು ಸರಪಳಿ ತರ ಮಚ್ಚೆ, ಹತ್ರ ಹೋದ್ರೆ ಕುಕ್ಕರ್ ಸೀಟಿ ಬಿಡೋಕೆ ಮುಂಚೆ ಬುಸುಗುಟ್ಟೋ ತರ ಸದ್ದು. ಅದು ಕಚ್ಚಿದ್ರೆ ಜೋರು ನೋವು, ಊತ, ವಸಡಲ್ಲಿ ರಕ್ತ, ಮೂತ್ರ ಕೆಂಪಗೆ, ಆಮೇಲೆ ಕಿಡ್ನಿಗೆ ಪೆಟ್ಟು. ಗರಗಸ ಮಂಡಲ ಚಿಕ್ಕದು, ಬಯಲುಸೀಮೆಯ ಕಲ್ಲುಗುಡ್ಡ ಒಣ ಹೊಲದಲ್ಲಿ ಜಾಸ್ತಿ, ಚಿಕ್ಕದು ಅಂತ ಸದರ ಬೇಡ, ಅದರಿಂದಲೂ ರಕ್ತ ಹೆಪ್ಪುಗಟ್ಟೋದು ನಿಲ್ಲತ್ತೆ. ಮಲೆನಾಡಿನ ಕಾಫಿ ಅಡಿಕೆ ತೋಟದಲ್ಲಿ ಗುಳಿಮಂಡಲಗಳು ಇರ್ತವೆ, ಕಾಳಿಂಗನೂ ಇರತ್ತೆ. ಇವಕ್ಕೆ ನಮ್ಮ ನಾಲ್ಕು ಹಾವಿನ ಎಎಸ್‌ವಿ ತಯಾರಾಗಿಲ್ಲ, ಆದ್ರೂ ಆಸ್ಪತ್ರೆನೇ ಗತಿ, ಡಯಾಲಿಸಿಸ್ಸು ವೆಂಟಿಲೇಟರ್ರು ಇರೋದು ಅಲ್ಲೇ ತಾನೇ.

ದಾರಿ ಮತ್ತು ಆಸ್ಪತ್ರೆ

ತೋಟದ ಒಳಗಿಂದ ರಸ್ತೆ ತನಕ ನಡೆಸ್ಬೇಡಿ. ಕುರ್ಚೀಲಿ ಕೂರ್ಸಿ ಇಬ್ಬರು ಎತ್ಕೊಳ್ಳಿ, ಇಲ್ಲಾ ಎರಡು ಗಳಕ್ಕೆ ಕಂಬಳಿ ಕಟ್ಟಿ ಹೊತ್ಕೊಂಡು ಬನ್ನಿ. ಆಂಬುಲೆನ್ಸ್ ಬರೋಕೆ ತಡ ಅಂದ್ರೆ ಕಾಯಬೇಡಿ, ಆಟೋ, ಜೀಪು, ಹಾಲಿನ ಗಾಡಿ ಏನಾದ್ರೂ ಸರಿ. ಬೈಕ್ ಬಿಟ್ಟು ಬೇರೆ ಇಲ್ಲ ಅಂದ್ರೆ ಓಡಿಸೋರು ಮುಂದೆ, ರೋಗಿ ನಡುವೆ, ಹಿಡ್ಕೊಳ್ಳೋರು ಹಿಂದೆ. ಗಾಡೀಲಿ ವಾಂತಿ ಬಂದ್ರೆ ಎಡ ಮಗ್ಗುಲಿಗೆ ಹೊರಳಿಸಿ, ಬಾಯಿ ಕೆಳಮುಖ ಇರ್ಲಿ.

ಎಲ್ಲಿಗೆ ಅನ್ನೋದು ದೊಡ್ಡ ಪ್ರಶ್ನೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೇಗೇ ಹೋಗೋಣ ಅಂತ ಹತ್ತಿರದ ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ ದಾಟ್ಕೊಂಡು ಎರಡು ಗಂಟೆ ಹೋಗ್ತಾರೆ. ಹತ್ರದಲ್ಲೇ ಎಎಸ್‌ವಿ ಇದ್ರೆ ಮೊದಲ ಡೋಸ್ ಅಲ್ಲೇ ಆಗ್ಲಿ, ಆಮೇಲೆ ವೆಂಟಿಲೇಟರ್ ಇರೋ ಕಡೆಗೆ ಹೋಗಿ. ಸರ್ಕಾರಿ ಆಸ್ಪತ್ರೇಲಿ ಈ ಔಷಧಿ ಪುಕ್ಕಟೆ. ಗಾಡಿ ಹತ್ತಿದ ಮೇಲೆ ಒಬ್ಬರು ಫೋನ್ ಮಾಡಿ ಸ್ಟಾಕ್ ಇದೆಯಾ, ಡಾಕ್ಟ್ರು ಇದಾರಾ ಕೇಳಿ. ಇನ್ನೂ ಒಳ್ಳೇದು ಅಂದ್ರೆ ಮಳೆಗಾಲ ಶುರುವಾಗೋ ಮುಂಚೆನೇ ಇದನ್ನ ವಿಚಾರಿಸಿ ಆ ನಂಬರನ್ನ ಮನೆ ಗೋಡೆ ಮೇಲೆ ಬರೆದಿಡೋದು.

ಹೋದ ಕೂಡ್ಲೇ ಹೇಳ್ಬೇಕಾಗಿರೋದು: ಎಷ್ಟು ಗಂಟೆಗೆ, ಎಲ್ಲಿ, ಏನ್ ಮಾಡ್ತಿದ್ದಾಗ ಕಚ್ತು, ಆಮೇಲೆ ಯಾವ ತೊಂದ್ರೆ ಯಾವಾಗ ಶುರುವಾಯ್ತು, ನಾಟಿ ಔಷಧಿ ಏನಾದ್ರೂ ಕೊಟ್ಟಿದ್ರೆ ಮುಚ್ಚಿಡದೆ ಅದನ್ನೂ, ಅಸ್ತಮಾ ಅಲರ್ಜಿ ಇದ್ಯಾ, ರಕ್ತ ತೆಳುವಾಗೋ ಮಾತ್ರೆ ತಗೋತಾರಾ, ಮೊದ್ಲು ಯಾವಾಗಾದ್ರೂ ಎಎಸ್‌ವಿ ಆಗಿದ್ಯಾ, ಹೆಂಗಸರಾದ್ರೆ ಬಸುರಿನಾ. ಬಸುರಿಗೂ ಎಎಸ್‌ವಿ ಕೊಡ್ತಾರೆ, ಹೆದರೋದು ಬೇಡ.

ಇಲ್ಲಿ ಬಹಳ ಕಡೆ ಜಗಳ ಆಗತ್ತೆ, ಬಂದು ಅರ್ಧ ಗಂಟೆ ಆಯ್ತು ಇನ್ನೂ ಇಂಜೆಕ್ಷನ್ ಕೊಟ್ಟಿಲ್ಲ ಅಂತ. ಡಾಕ್ಟ್ರು ಸುಮ್ನೆ ಕೂತಿರಲ್ಲ. ಎರಡು ಎಂಎಲ್ ರಕ್ತ ತೆಗೆದು ಒಣಗಿದ ಹೊಸ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಿರ್ತಾರೆ. ಆಮೇಲೆ ಒಂದೇ ಸಲ ಬಗ್ಗಿಸಿ ನೋಡ್ತಾರೆ. ರಕ್ತ ಗಟ್ಟಿಯಾಗಿ ತಳದಲ್ಲೇ ನಿಂತ್ರೆ ಸದ್ಯಕ್ಕೆ ಮಂಡಲದ ವಿಷ ರಕ್ತಕ್ಕೆ ಇಳಿದಿಲ್ಲ, ನೀರಿನ ಹಾಗೆ ಹರಿದು ಬಂದ್ರೆ ಇಳಿದಿದೆ. ಆ ಟ್ಯೂಬನ್ನ ನೀವು ಕುತೂಹಲಕ್ಕೆ ಎತ್ತಿ ಅಲ್ಲಾಡಿಸಿದ್ರೆ ಪರೀಕ್ಷೆ ಹಾಳು. ವಿಷದ ಲಕ್ಷಣ ಇಲ್ಲದೆ ಎಎಸ್‌ವಿ ಕೊಡಲ್ಲ, ಯಾಕಂದ್ರೆ ಅದು ಕುದುರೆ ರಕ್ತದಿಂದ ಮಾಡೋ ಔಷಧಿ, ಕೆಲವರಿಗೆ ಜೋರು ರಿಯಾಕ್ಷನ್ ಆಗತ್ತೆ, ಮೈ ದದ್ದು, ಉಸಿರುಗಟ್ಟೋದು, ಬಿಪಿ ಬೀಳೋದು. ಆ ರಿಯಾಕ್ಷನ್ನಿಗೆ ಕೊಡೋ ಅಡ್ರಿನಲಿನ್ ಇಂಜೆಕ್ಷನ್ ಕೈಯಲ್ಲಿ ಇಟ್ಕೊಂಡೇ ಎಎಸ್‌ವಿ ಕೊಡ್ತಾರೆ. ಲಕ್ಷಣ ಇದ್ರೆ ಸಾಮಾನ್ಯವಾಗಿ ಮೊದಲ ಸಲಕ್ಕೆ 10 ವಯಲ್, ಅಂದ್ರೆ 10 ಚಿಕ್ಕ ಸೀಸೆ ಔಷಧಿ, ಮಗುವಿಗೂ ದೊಡ್ಡೋರಷ್ಟೇ, ಯಾಕಂದ್ರೆ ಹಾವು ಮಗು ಅಂತ ವಿಷ ಕಮ್ಮಿ ಬಿಟ್ಟಿರಲ್ಲ. ಏನೂ ಲಕ್ಷಣ ಇಲ್ಲ ಅಂದ್ರೂ 24 ಗಂಟೆ ಅಲ್ಲೇ ಇರಿ, ರಾತ್ರೋರಾತ್ರಿ ಹೇಳದೆ ಎದ್ದು ಬರ್ಬೇಡಿ. ಬೇರೆ ಕಡೆಗೆ ಕಳ್ಸಿದ್ರೆ ಎಷ್ಟು ವಯಲ್, ಎಷ್ಟು ಗಂಟೆಗೆ ಕೊಟ್ರು ಅಂತ ಚೀಟೀಲಿ ಬರೆಸ್ಕೊಳ್ಳಿ.

ಕಚ್ಚಿಸ್ಕೊಳ್ಳದ ಹಾಗೆ ಇರೋಕೆ ನಾಲ್ಕು ಮಾತು. ನೆಲದಲ್ಲಿ ಮಲಗೋರು ಸೊಳ್ಳೆ ಪರದೆ ಕಟ್ಟಿ ಅಂಚನ್ನ ಚಾಪೆ ಅಡಿಗೆ ಸುತ್ತ ಸೇರ್ಸಿ, ಕಟ್ಟುಹಾವಿಗೆ ಇದಕ್ಕಿಂತ ಒಳ್ಳೆ ತಡೆ ಇಲ್ಲ, ಖರ್ಚೂ ಕಮ್ಮಿ. ರಾತ್ರಿ ಮೋಟರ್ ಆನ್ ಮಾಡೋಕೆ ಹೋಗೋರಿಗೆ ಟಾರ್ಚು ಗಂಬೂಟು ಎರಡೂ ಬೇಕು, ಮೊಬೈಲ್ ಬೆಳಕು ಸಾಲಲ್ಲ. ಬಣವೆಯಿಂದ ಹುಲ್ಲು ಹಿರಿಯೋಕೆ, ಸೌದೆ ರಾಶಿಗೆ ಕೈ ಹಾಕೋಕೆ ಮುಂಚೆ ಕೋಲಲ್ಲಿ ಬಡೀರಿ. ಕಾಳು ಚೆಲ್ಲಿದ ಕಡೆ ಇಲಿ, ಇಲಿ ಇದ್ದ ಕಡೆ ಹಾವು.

ಗುಣ ಆಗಿ ಮನೆಗೆ ಬಂದ ಮೇಲೂ ಸ್ವಲ್ಪ ಗಮನ ಬೇಕು. ಎಎಸ್‌ವಿ ಆದೋರಿಗೆ ಒಂದರಿಂದ ಎರಡು ವಾರ ಕಳೆದ ಮೇಲೆ ಜ್ವರ, ಕೀಲು ನೋವು, ಮೈ ತುರಿಕೆ ಬರಬಹುದು, ಅದು ಔಷಧಿಯ ತಡವಾದ ರಿಯಾಕ್ಷನ್ನು, ಮಾತ್ರೇಲಿ ವಾಸಿ ಆಗತ್ತೆ, ನಾಗದೋಷ ಅಂತ ಅದಕ್ಕೆ ಬೇರೆ ದಾರಿ ಹುಡುಕದೆ ಡಾಕ್ಟ್ರ ಹತ್ರ ಹೋಗಿ. ಕೊಳಕುಮಂಡಲ ಕಚ್ಚಿದೋರು ಮೂತ್ರ ಕಮ್ಮಿ ಆಗ್ತಿದ್ಯಾ, ಮುಖ ಕಾಲು ಊದ್ತಿದ್ಯಾ ಅಂತ ನೋಡ್ಕೊಳ್ತಾ ಇರಿ, ಡಾಕ್ಟ್ರು ಹೇಳಿದ ದಿನ ಕ್ರಿಯಾಟಿನಿನ್ ಪರೀಕ್ಷೆ, ಅಂದ್ರೆ ಕಿಡ್ನಿ ಹೆಂಗಿದೆ ಅಂತ ನೋಡೋ ರಕ್ತ ಪರೀಕ್ಷೆ, ತಪ್ಪಿಸ್ಬೇಡಿ. ಗಾಯ ಕಪ್ಪಾಗ್ತಿದ್ರೆ, ಕೀವು ಆಗ್ತಿದ್ರೆ ಡ್ರೆಸಿಂಗಿಗೆ ದಿನಾ ಹೋಗಿ, ಡಿಸ್ಚಾರ್ಜ್ ಚೀಟಿ ಬಿಸಾಡ್ಬೇಡಿ.